ಮೇಷ್ಟ್ರನ್ನು ಕೇಳಿ: ತುಂಬುವುದು ಬೇರೆ, ಹೇರುವುದು ಬೇರೆ

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ "ಓವರ್‌ಲೋಡ್ ಆಗಿದೆ ಅಮ್ಮ" ಅಂತಾಳೆ. ಕರೆಂಟ್ ಹೋದಾಗ ಮಿಕ್ಸಿ ಹಾಕಿದರೆ ನಮ್ಮ ಮನೆಯ ಯುಪಿಎಸ್ ಕೂಡ ಕುಂಯ್ ಅಂತ ಅದನ್ನೇ ಹೇಳುತ್ತದೆ. ಮಗಳಿಗೂ ಯುಪಿಎಸ್ಸಿಗೂ ಒಂದೇ ಪದವೇ? ಕನ್ನಡದಲ್ಲಿ ಬೇರೆ ಇಲ್ಲವೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಇದೆ ತಾಯಿ, ಒಂದಲ್ಲ, ಹತ್ತಿವೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಓವರ್‌ಲೋಡ್ ಎಂಬ ಮಾತಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ನಾನು ಮೊದಲು ಕೇಳಿದ್ದು ಇಂಗ್ಲಿಷ್ ಬಲ್ಲವರ ಬಾಯಲ್ಲಿ ಅಲ್ಲ, ಸಹಿ ಹಾಕಲು ಬಾರದ ನಮ್ಮಪ್ಪನ ಬಾಯಲ್ಲಿ. ಅಪ್ಪ ಚಳ್ಳಕೆರೆ ಮಂಡಿಯಲ್ಲಿ ಹಮಾಲಿ. ಆಗ ಊರ ತುಂಬ ಎಣ್ಣೆ ಮಿಲ್ಲುಗಳು, ದಿನವಿಡೀ ಶೇಂಗಾ ಮೂಟೆ. "ಲಾರಿ ಓರ್‌ಲೋಡು ಆಗೈತೆ, ಪ್ಲೇಟು ಕೂತೈತೆ" ಅನ್ನುತ್ತಿದ್ದ. ಲಾರಿಗೆ ಮಾತ್ರ ಆ ಪದ. ತನ್ನ ಬೆನ್ನಿಗೆ ಅಲ್ಲ.

ಬೆನ್ನಿಗೆ ಇದ್ದ ಪದ "ಹೇರು". ಎತ್ತಿನ ಮೇಲೆ, ಕತ್ತೆಯ ಮೇಲೆ, ಗಾಡಿಯ ಮೇಲೆ ಇಡುವ ಸರಕಿಗೆ ಹೇರು ಅನ್ನುತ್ತೇವೆ. ಇಡುವ ಕೆಲಸಕ್ಕೂ ಅದೇ ಹೆಸರು. "ಹೊರು" ಇದರ ಎದುರು ಬದಿ. ಹೊರುವವನು ಹೊರುತ್ತಾನೆ, ಹೇರುವವನು ಹೇರುತ್ತಾನೆ. ಹಳಗನ್ನಡದಲ್ಲಿ ಹೊರು ಎಂಬುದು "ಪೊರು". ಅದೇ ಬೇರಿನಿಂದ ತಮಿಳಿನಲ್ಲಿ "ಪೊರುಮೈ" ಬಂದಿದೆ, ಅಂದರೆ ತಾಳ್ಮೆ. ಮೂಟೆ ಹೊತ್ತು ಮಿಲ್ಲಿನ ಬಾಗಿಲಲ್ಲಿ ಗುಮಾಸ್ತ ಲೆಕ್ಕ ಬರೆದುಕೊಳ್ಳುವ ತನಕ ನಿಂತಿರುತ್ತಿದ್ದ ಅಪ್ಪನನ್ನು ನೆನೆದರೆ ಈ ನಂಟಿನಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಈಗ ನಿಮ್ಮ ಮಗಳ ವಿಷಯ. "ಓವರ್‌ಲೋಡ್ ಆಗಿದೆ" ಎಂದರೆ ಮಳೆ ಬಂದಿದೆ ಎಂದ ಹಾಗೆ. ಯಾರೂ ಮಾಡಲಿಲ್ಲ, ತಾನಾಗಿಯೇ ಆಯಿತು. "ಹೇರಿದ್ದಾರೆ" ಅಂದು ನೋಡಿ. ತಕ್ಷಣ "ಯಾರು?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ ಬೀದಿಗಿಳಿದು ಕೂಗುವಾಗ ನಾವು "ಹೇರಿಕೆ" ಅನ್ನುತ್ತೇವೆ, ಹಿಂದಿ ಹೇರಿಕೆ, ತೆರಿಗೆ ಹೇರಿಕೆ. ಎತ್ತಿನ ಬೆನ್ನಿನಿಂದ ಇಳಿದು ಬಂದ ಪದ ಅದು.

ಇನ್ನೊಂದು ತಮಾಷೆ. "ಕೈ ತುಂಬ ಕೆಲಸ" ಅಂದರೆ ಕನ್ನಡದಲ್ಲಿ ಖುಷಿಯ ಮಾತು, ಕೈ ತುಂಬ ಸಂಬಳದ ಹಾಗೆ. ಅದೇ ಕೆಲಸ ತಲೆ ಮೇಲೆ ಬಂದರೆ ತೊಂದರೆ, ಮೈಮೇಲೆ ಬಿದ್ದರೆ ಇನ್ನೂ ತೊಂದರೆ. ಮುಂದಿನ ಸಲ ಫೋನ್ ಬಂದಾಗ ಮಗಳನ್ನು ಕೇಳಿ: ಕೈ ತುಂಬಿದೆಯೋ, ತಲೆ ಮೇಲೆ ಹೇರಿದ್ದಾರೋ? ಅಪ್ಪ ಮಾತ್ರ ಎಷ್ಟೇ ಕಷ್ಟವಾದರೂ "ಭಾರ" ಅನ್ನುತ್ತಿರಲಿಲ್ಲ. "ಜಗ್ತಾ ಐತೆ" ಅನ್ನುತ್ತಿದ್ದ. ಹಗ್ಗ ಜಗ್ಗುತ್ತದೆ, ಹಳೇ ಮನೆಯ ತೊಲೆ ಜಗ್ಗುತ್ತದೆ. ಮುರಿಯುವುದಕ್ಕೆ ಸ್ವಲ್ಪ ಮುಂಚಿನ ಪದ ಅದು. ಮಗಳು "ಜಗ್ತಾ ಇದೆ ಅಮ್ಮ" ಅಂದರೆ ಫೋನ್ ಇಟ್ಟು ಬಸ್ ಹತ್ತಿ.

ಪ್ರಶ್ನೆ: ಸರ್, "ತುಂಬಿದ ಕೊಡ ತುಳುಕುವುದಿಲ್ಲ" ಎಂದು ಗಾದೆ ಇದೆ. ಆದರೆ "ಸಭಾಂಗಣ ತುಂಬಿ ತುಳುಕುತ್ತಿತ್ತು" ಎಂದೂ ಬರೆಯುತ್ತಾರೆ. ಎರಡರಲ್ಲಿ ಒಂದು ತಪ್ಪಲ್ಲವೇ?
— ಪಿಯು ವಿದ್ಯಾರ್ಥಿ, ಹಾಸನ

ಉತ್ತರ: ಒಳ್ಳೇ ಕಣ್ಣು ನಿನ್ನದು. ಎರಡೂ ಸರಿ, ಆದರೆ ಗಾದೆ ಕಟ್ಟಿದವರು ನೀರು ಹೊತ್ತವರು, ವರದಿ ಬರೆಯುವವರು ಹೊರದವರು. ತುಳುಕು ಎಂದರೆ ಮೊದಲಿಗೆ ಅಲುಗಾಡಿ ಚೆಲ್ಲುವುದು. ಅರ್ಧ ಕೊಡ ಹೊತ್ತು ನಡೆ, ನೀರಿಗೆ ಓಡಾಡಲು ಜಾಗ ಸಿಗುತ್ತದೆ, ಆ ಕಡೆ ಈ ಕಡೆ ಬಡಿದು ನಿನ್ನ ಹೆಗಲು ನೆನೆಸುತ್ತದೆ. ತುಂಬಿದ್ದರೆ ಓಡಾಟ ಕಡಿಮೆ. ನಮ್ಮಮ್ಮ ಬೋರ್‌ವೆಲ್ಲಿಂದ ನೀರು ತರುವಾಗ ಕೊಡದ ಬಾಯಲ್ಲಿ ಒಂದು ಹೊಂಗೆ ಸೊಪ್ಪಿನ ಕಡ್ಡಿ ತೇಲಿಬಿಡುತ್ತಿದ್ದಳು, ತುಳುಕದಿರಲಿ ಅಂತ. ಆಮೇಲಾಮೇಲೆ ತುಳುಕು ಎಂಬುದು ಅಂಚು ಮೀರಿ ಹೊರಗೆ ಬರುವುದಕ್ಕೂ ನಿಂತಿತು. ಸಭಾಂಗಣದ್ದು ಈ ಎರಡನೆಯ ತುಳುಕು.

ನನ್ನ ತಕರಾರು ಬೇರೆ. "ತುಂಬಿ ತುಳುಕು" ಸಂತೋಷಕ್ಕೆ ಹೇಳುವ ಮಾತು. ಆಸ್ಪತ್ರೆ ತುಂಬಿ ತುಳುಕುತ್ತಿದೆ ಎಂದು ಓದಿದಾಗ ನನಗೆ ಕಸಿವಿಸಿ ಆಗುತ್ತದೆ. ತುಂಬುವುದು ನಮಗೆ ಮಂಗಳದ ಮಾತು ನೋಡು. ಮದುಮಗಳು ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬರಬೇಕಾದರೆ ಅದರ ತುಂಬ ಅಕ್ಕಿ ಇರಬೇಕು. ತುಂಬಿದ ಮನೆ, ತುಂಬು ಗರ್ಭಿಣಿ, ಉಡಿ ತುಂಬುವುದು. ಗೃಹಪ್ರವೇಶದಲ್ಲಿ ಹಾಲನ್ನು ಬೇಕೆಂದೇ ಉಕ್ಕಿಸುತ್ತೇವೆ. ಮಿಕ್ಕ ದಿನ ಅದೇ ಹಾಲು ಉಕ್ಕಿದರೆ ಮನೆಯಲ್ಲಿ ಏನಾಗುತ್ತದೆ ಅಂತ ನಿನ್ನ ಅಮ್ಮನನ್ನು ಕೇಳು. ಹಾಗಂತ ತುಂಬುವುದೆಲ್ಲ ಒಳ್ಳೆಯದೂ ಅಲ್ಲ, ಪಾಪದ ಕೊಡವೂ ತುಂಬುತ್ತದೆ.

ಹೊಟ್ಟೆಗೆ ಇರುವ ಪದ ಇನ್ನೂ ಚೆಂದ. "ಹೊಟ್ಟೆ ಬಿರಿಯ ಉಂಡೆ" ಅನ್ನುತ್ತೇವೆ. ಮೊಗ್ಗು ಹೂವಾಗುವುದಕ್ಕೂ ಬಿರಿಯುವುದು ಎಂದೇ ಹೆಸರು.

ಪ್ರಶ್ನೆ: ಬಸ್ಸಿನಲ್ಲಿ ಜನ ಜಾಸ್ತಿ ಇದ್ದರೆ ಕಿಕ್ಕಿರಿದಿತ್ತು ಎನ್ನಬೇಕೋ, ಗಿಜಿಗುಡುತ್ತಿತ್ತು ಎನ್ನಬೇಕೋ?
— ತುಮಕೂರಿನಿಂದ ದಿನಾ ಓಡಾಡುವವರು

ಉತ್ತರ: ಕಣ್ಣು ಮುಚ್ಚಿಕೊಂಡರೂ ಗೊತ್ತಾಗುವುದು ಗಿಜಿಗಿಜಿ, ಅದರಲ್ಲಿ ಸದ್ದಿದೆ. ಸಂತೆ ಗಿಜಿಗುಡುತ್ತದೆ. ಕಿಕ್ಕಿರಿಯುವುದಕ್ಕೆ ಸದ್ದು ಬೇಡ, ಜಾಗ ಇಲ್ಲದಿದ್ದರೆ ಸಾಕು. ಬೆಳಿಗ್ಗೆ ಆರರ ಬಸ್ಸಿನಲ್ಲಿ ಎಲ್ಲರೂ ನಿಂತೇ ತೂಕಡಿಸುತ್ತಿದ್ದರೆ ಅದು ಕಿಕ್ಕಿರಿದ ಬಸ್ಸು, ಗಿಜಿಗುಡುವ ಬಸ್ಸಲ್ಲ. ಕಂಡಕ್ಟರ್ "ಒಳಗೆ ಹೋಗ್ರಿ, ಖಾಲಿ ಐತೆ" ಎಂದು ಇನ್ನೂ ನಾಲ್ವರನ್ನು ನೂಕಿದರೆ ಅದು ತುರುಕುವುದು. ಇಲ್ಲಿ ಮತ್ತೆ ಮಾಡುವವನೊಬ್ಬ ಬಂದ.

ಪ್ರಶ್ನೆ: "ಕೆರೆ ಕೋಡಿ ಬಿತ್ತು" ಎಂದು ಪೇಪರಿನಲ್ಲಿ ಓದಿ ನನ್ನ ಮೊಮ್ಮಗ "ಏನು ಬಿತ್ತು ತಾತ?" ಅಂದ. ನನಗೂ ಹೇಳಲು ಬರಲಿಲ್ಲ.
— ನಿವೃತ್ತ ಅಂಚೆ ನೌಕರರು, ಮಂಡ್ಯ

ಉತ್ತರ: ಬೀಳುವುದು ನೀರು, ಸ್ವಾಮಿ. ಕೆರೆಯ ಏರಿ ಮಣ್ಣಿನದು. ನೀರು ಏರಿಯ ಮೇಲೆ ಹರಿದರೆ ಏರಿಯೇ ಕೊಚ್ಚಿಹೋಗುತ್ತದೆ. ಅದಕ್ಕೆ ಹಿರಿಯರು ಒಂದು ಕೊನೆಯಲ್ಲಿ ಏರಿಗಿಂತ ತಗ್ಗಾಗಿ ಕಲ್ಲಿನಲ್ಲಿ ಕಟ್ಟಿ ದಾರಿ ಬಿಟ್ಟರು. ಅದೇ ಕೋಡಿ. ನೀರು ಅಲ್ಲಿಗೆ ಮುಟ್ಟಿ ಆಚೆ ಬೀಳತೊಡಗಿದರೆ ಕೋಡಿ ಬಿತ್ತು. ಏರಿ ಒಡೆದರೆ ಊರಿಗೆ ಊರೇ ಅಳುತ್ತದೆ, ಕೋಡಿ ಬಿದ್ದರೆ ಬಾಗಿನ ಕೊಡುತ್ತಾರೆ. ಎರಡೂ ಕಡೆ ನೀರು ಮಿತಿ ಮೀರಿದ್ದೇ, ಆದರೆ ಒಂದಕ್ಕೆ ಮೊದಲೇ ದಾರಿ ಇಟ್ಟಿದ್ದರು. (ದಾವಣಗೆರೆಯ ತಾಯಿ, ನಿಮ್ಮ ಮಗಳ ಆಫೀಸಿನಲ್ಲಿ ಕೋಡಿ ಎಲ್ಲಿದೆ ಅಂತಲೂ ವಿಚಾರಿಸಿ.)

ಕೋಡಿ ಎಂದಮೇಲೆ ನಮ್ಮ ಕಡೆಯ ಮಾರಿಕಣಿವೆಯನ್ನು ಬಿಡುವ ಹಾಗಿಲ್ಲ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಅಣೆಕಟ್ಟು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಮೈಸೂರಿನ ಮಹಾರಾಣಿಯ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರ. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಒಮ್ಮೆ ಬಿತ್ತು. ಆಮೇಲೆ ಬೀಳಲೇ ಇಲ್ಲ. ಕೆಲವು ವರ್ಷ ನೀರು ಎಷ್ಟು ತಳ ಹಿಡಿದಿತ್ತೆಂದರೆ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದರೆ ಅವರು "ಸರ್, ನೀರೆಲ್ಲಿ?" ಅನ್ನುತ್ತಿದ್ದರು.

ನಮ್ಮ ಸೋದರಮಾವ ಹಿರಿಯೂರಿನವರು. 1971ರಲ್ಲಿ ಶೇಂಗಾ ಬೀಜಕ್ಕೆಂದು ಅಪ್ಪನ ಹತ್ತಿರ ನೂರ ಇಪ್ಪತ್ತು ರೂಪಾಯಿ ಸಾಲ ತಗೊಂಡರು. ಕೇಳಿದಾಗಲೆಲ್ಲ ಒಂದೇ ಉತ್ತರ: "ಮಾರಿಕಣಿವೆ ಕೋಡಿ ಬಿದ್ದ ದಿನ ಕೊಡ್ತೀನಿ ಭಾವ." ಅಪ್ಪ ನಗುತ್ತಿದ್ದ, ಅಮ್ಮ ನಗುತ್ತಿರಲಿಲ್ಲ. ಅಪ್ಪ ಹೋದ, ಮಾವನೂ ಹೋದರು.

2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಕ್ಕೆ, ಕೋಡಿ ಬಿತ್ತು. ಮಾವನ ಮಗ ಅಲ್ಲಿಂದಲೇ ಫೋನ್ ಮಾಡಿದ. ನೀರಿನ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ, ಕಿರುಚುತ್ತಿದ್ದ. "ಭಾವಾ, ಬಿತ್ತು! ನಮ್ಮಪ್ಪ ನಿಮ್ಮಪ್ಪಂಗೆ ಎಷ್ಟು ಕೊಡಬೇಕಿತ್ತು?" ನೂರ ಇಪ್ಪತ್ತು ಅಂದೆ. ಸಂಜೆಯೊಳಗೆ ಫೋನಿಗೆ ದುಡ್ಡು ಬಂತು. ಬಡ್ಡಿ ಎಲ್ಲಪ್ಪಾ ಅಂದದ್ದಕ್ಕೆ "ಅದು ಮುಂದಿನ ಕೋಡಿಗೆ ಭಾವ" ಅಂದ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅವನು ಫೋನ್ ಎತ್ತಲಿಲ್ಲ.