ಒರಳಿನ ಚಿತ್ರ ಮತ್ತು ನಾಲ್ಕು ಸೆಕೆಂಡು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆ ಇದು. ಇದರಲ್ಲಿ ಹೆಸರು, ವಯಸ್ಸು, ಊರಿನ ಗುರುತುಗಳನ್ನು ಬದಲಿಸಿದ್ದೇನೆ. ಪ್ರದರ್ಶನದ ವಿಷಯವನ್ನು ಮಾತ್ರ ಸಂಬಂಧಪಟ್ಟವರ ಒಪ್ಪಿಗೆ ಪಡೆದು ಹಾಗೆಯೇ ಉಳಿಸಿದ್ದೇನೆ. ಅದನ್ನು ತೆಗೆದರೆ ಈ ಹೆಣ್ಣುಮಗಳ ನೋವು ಏನೆಂದೇ ತಿಳಿಯುವುದಿಲ್ಲ.

ಸುಮಿತ್ರಾ ಅವರಿಗೆ 46 ವರ್ಷ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಚಿತ್ರಕಲೆ ಕಲಿತವರು. ವಿದ್ಯಾರ್ಥಿಯಾಗಿದ್ದಾಗ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋಗಿ ತೊಗಲುಗೊಂಬೆಗಳ ಮುಂದೆ ದಿನವಿಡೀ ಕುಳಿತು ಚಿತ್ರ ಬರೆಯುತ್ತಿದ್ದರಂತೆ. ಹನ್ನೊಂದು ವರ್ಷಗಳಿಂದ ವಸ್ತುಸಂಗ್ರಹಾಲಯಗಳಿಗೆ ಪ್ರದರ್ಶನ ರೂಪಿಸಿಕೊಡುವ ಸಣ್ಣ ಸ್ಟುಡಿಯೊವೊಂದರಲ್ಲಿ ಕೆಲಸ ಮಾಡುತ್ತಿದ್ದಾರೆ. ಅಲ್ಲಿ ಏಳು ಜನ: ಚಿತ್ರ ಬರೆಯುವವರು, ಫಲಕಗಳ ಮಾತು ಬರೆಯುವವರು, ಧ್ವನಿ ನೋಡಿಕೊಳ್ಳುವವರು, ಮರಗೆಲಸದವರು, ಪ್ರೋಗ್ರಾಂ ಬರೆಯುವ ಪ್ರಮೋದ್ ಎಂಬ ಹುಡುಗ, ಎಲ್ಲರ ಮೇಲೆ ಯಜಮಾನರು.

"ಮೇಡಂ, ಕೈ ಏಳುತ್ತಿಲ್ಲ. ಪೆನ್ಸಿಲ್ ಹಿಡಿದರೆ ಅಳು ಬರುತ್ತದೆ." ಮೊದಲ ದಿನ ಅವರು ಹೇಳಿದ್ದು ಇಷ್ಟೇ.

ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಬದುಕು ಬೇಡ ಎನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಹಾಗೆ ಎನಿಸಿದರೆ ಹೊತ್ತು ನೋಡದೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಜೊತೆಗೆ ಮೊದಲು ವೈದ್ಯರ ಬಳಿ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ಮುಟ್ಟು ಏರುಪೇರಾಗುವ ಈ ವಯಸ್ಸಿನಲ್ಲಿ ಸುಸ್ತನ್ನೂ ದುಃಖವನ್ನೂ ಬೇರೆ ಮಾಡಿ ನೋಡುವುದು ಕಷ್ಟ. ವಾರಗಟ್ಟಲೆ ಮಾತನಾಡಿಸಿ, ಕೊನೆಗೆ ಅದು ರಕ್ತಹೀನತೆ ಎಂದು ಗೊತ್ತಾದರೆ ತಪ್ಪು ನನ್ನದಾಗುತ್ತದೆ. ಅವರಲ್ಲಿ ಹಿಮೋಗ್ಲೋಬಿನ್ ನಿಜಕ್ಕೂ ಕಡಿಮೆಯಿತ್ತು. ಮಾತ್ರೆ ಶುರುವಾಯಿತು, ಸುಸ್ತು ತಗ್ಗಿತು. ಅಳು ಮಾತ್ರ ನಿಲ್ಲಲಿಲ್ಲ.

ಅದರ ಬೇರು ಇದ್ದದ್ದು ಕನ್ನಂಬಾಡಿಯಲ್ಲಿ. 1911ರಲ್ಲಿ ಕೆಆರ್‌ಎಸ್ ಕಟ್ಟೆಯ ಕೆಲಸ ಆರಂಭವಾದ ಮೇಲೆ ಕಾವೇರಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಕನ್ನಂಬಾಡಿಯೂ ಮುಳುಗಿತು, ಅಲ್ಲಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಗುಡಿ ಮೇಲೆದ್ದು ಕಾಣುತ್ತಿದ್ದುದು, ಆಮೇಲೆ ಅದರ ಕಲ್ಲುಗಳನ್ನು ಹೊಸ ಕನ್ನಂಬಾಡಿಗೆ ತಂದು ಮತ್ತೆ ಕಟ್ಟಿದ್ದು ಈ ಭಾಗದವರಿಗೆಲ್ಲ ಗೊತ್ತು. ಗುಡಿಗೇನೋ ಮರುಹುಟ್ಟು ಸಿಕ್ಕಿತು, ಮನೆಗಳಿಗೆ ಸಿಗಲಿಲ್ಲ. ಸುಮಿತ್ರಾ ಅವರ ಮುತ್ತಜ್ಜಿ ಹಾಗೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಊರು ಬಿಟ್ಟವರು. ನೆಲದಲ್ಲಿ ಹೂತಿದ್ದ ಒರಳನ್ನು ಮಾತ್ರ ಕಿತ್ತು ತರಲು ಆಗಲಿಲ್ಲವಂತೆ. ಮುಳುಗಡೆಯ ಊರುಗಳ ಕುರಿತು ಸ್ಪರ್ಶಮೇಜು, ಅಂದರೆ ಬೆರಳಿಂದ ಮುಟ್ಟಿ ಚಿತ್ರ ತಿರುವುವ ಗಾಜಿನ ಮೇಜು, ರೂಪಿಸುವ ಕೆಲಸ ಸ್ಟುಡಿಯೊಗೆ ಬಂದಾಗ ಅವರು ಎಂಟು ತಿಂಗಳು ಕೂತು 60 ಚಿತ್ರ ಬರೆದರು. ಅದರಲ್ಲೊಂದು ಆ ಒರಳು.

ಪ್ರದರ್ಶನ ತೆರೆದು ತಿಂಗಳಾಯಿತು. ಮೇಜು ದಾಖಲಿಸಿದ್ದ ಲೆಕ್ಕವನ್ನು ಪ್ರಮೋದ್ ತೆಗೆದು ನೋಡಿದ. ಜನ ಒಂದು ಚಿತ್ರದ ಮೇಲೆ ನಿಲ್ಲುವುದು ಸರಾಸರಿ ನಾಲ್ಕು ಸೆಕೆಂಡು. ಇಷ್ಟು ಚಿತ್ರ ಹೆಚ್ಚಾಯಿತು ಎಂದು ತೀರ್ಮಾನವಾಗಿ 60 ಇದ್ದದ್ದು 22 ಆಯಿತು. ಒರಳೂ ಹೋಯಿತು. ಮೂಲ ಹಾಳೆಗಳಲ್ಲಿ ಕೆಲವು ಗಾಜಿನ ಪೆಟ್ಟಿಗೆಯಲ್ಲಿವೆ, ಮಂದ ಬೆಳಕಿನಲ್ಲಿ. ಕಾಗದದ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿದ್ದರೆ ಬಣ್ಣ ಬೇಗ ಮಾಸುತ್ತದೆ ಎಂಬುದನ್ನು ತಂಡದಲ್ಲಿ ಎಲ್ಲರಿಗೂ ಕಲಿಸಿದವರೇ ಸುಮಿತ್ರಾ. ಆದರೂ ನನ್ನೆದುರು ಅವರು, "ನನ್ನನ್ನು ಕತ್ತಲೆಯಲ್ಲಿಟ್ಟರು" ಎಂದರು.

ಇದನ್ನು ಸ್ಟುಡಿಯೊದಲ್ಲಿ ಹೇಳಿದಿರಾ ಎಂದು ಕೇಳಿದೆ. ಯಜಮಾನರಿಗೆ ಹೇಳಿದ್ದರು. "ನಾವೆಲ್ಲ ಒಂದೇ ಮನೆಯವರು ಸುಮಿತ್ರಾ, ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು" ಎಂಬ ಉತ್ತರ ಬಂದಿತ್ತು. ಫಲಕದಲ್ಲಿ ಸ್ಟುಡಿಯೊ ಹೆಸರು ಮಾತ್ರ ಇದ್ದುದಕ್ಕೂ ಅದೇ ಉತ್ತರ, ರಾತ್ರಿ ಹತ್ತರವರೆಗಿನ ಕೆಲಸಕ್ಕೂ ಅದೇ.

ಈ ಮಾತನ್ನು ನಾನು ಎಷ್ಟೋ ಕಚೇರಿಗಳವರ ಬಾಯಲ್ಲಿ ಕೇಳಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ ಮನೆಯಲ್ಲಿ ಸೊಸೆ ಅಡುಗೆಗೆ ಹೆಸರು ಕೇಳುವುದಿಲ್ಲ, ಕೇಳಿದರೆ ಅವಳು ಸಣ್ಣವಳಾಗುತ್ತಾಳೆ. ಕೆಲಸದ ಜಾಗವನ್ನು ಮನೆ ಎಂದು ಕರೆದ ದಿನ, ಕೆಲಸದ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳೆಲ್ಲ ಮುನಿಸಾಗಿಬಿಡುತ್ತವೆ. ಹಾಗಾಗಿ ನಾನು ಮೊದಲು ಕೊಟ್ಟ ಸಲಹೆ, ಮುನಿಸನ್ನು ಮತ್ತೆ ಪ್ರಶ್ನೆಯಾಗಿಸಿ ಎಂದು. ಈ ಪ್ರದರ್ಶನಕ್ಕೆ ನೀವು ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ, ಉಳಿದ ಆರು ಜನ ಮಾಡಿದ್ದನ್ನು ಇನ್ನೊಂದರಲ್ಲಿ ಬರೆಯಿರಿ. ಹೊಗಳಿಕೆ ಬೇಡ, ದೂರು ಬೇಡ, ಕೆಲಸ ಮಾತ್ರ ಇರಲಿ.

ಅವರ ಪಟ್ಟಿ ಎರಡು ಪುಟ ತುಂಬಿತ್ತು. ಪ್ರಮೋದ್ ಹೆಸರಿನ ಮುಂದೆ ಇದ್ದದ್ದು ಎರಡೇ ಪದ: "ಕಂಪ್ಯೂಟರ್ ಕೆಲಸ". ನಾನು ಏನೂ ಹೇಳದೆ ಆ ಸಾಲಿನ ಕೆಳಗೆ ಗೆರೆ ಎಳೆದೆ. ಅವರು ತುಂಬಾ ಹೊತ್ತು ಅದನ್ನೇ ನೋಡುತ್ತ ಕುಳಿತರು.

ಎರಡನೆಯ ಸಲಹೆ, ಒಂದು ಭಾನುವಾರ ಹೋಗಿ, ಯಾರೆಂದು ಹೇಳಿಕೊಳ್ಳದೆ ಆ ಮೇಜಿನ ಬಳಿ ಒಂದು ಗಂಟೆ ಕೂರಿ ಎಂದು. ಯಾರಾದರೂ ಚಿತ್ರ ಮೆಚ್ಚುವುದನ್ನು ಕಂಡರೆ ಮನಸ್ಸು ಹಗುರವಾದೀತು ಎಂಬುದು ನನ್ನ ಎಣಿಕೆ. ಅದು ತಲೆಕೆಳಗಾಯಿತು. ಮಕ್ಕಳು ಸರಸರನೆ ಚಿತ್ರ ದಾಟಿಸುವುದನ್ನು ನೋಡಿ ಅವರು ಮೊದಲಿಗಿಂತ ಕುಗ್ಗಿ ಬಂದರು. ನಾನು ಅವಸರಪಟ್ಟಿದ್ದೆ. ಹಾಗೆಂದು ಅವರಿಗೂ ಹೇಳಿದೆ.

ಆದರೂ ಅವರು ತಾವಾಗಿಯೇ ಇನ್ನೊಮ್ಮೆ ಹೋದರು. ಈ ಬಾರಿ ಅವರು ನೋಡಿದ್ದು ಚಿತ್ರಗಳನ್ನಲ್ಲ, ಕೈಗಳನ್ನು. ಮೇಜು ನೆಲದಿಂದ 92 ಸೆಂಟಿಮೀಟರ್ ಎತ್ತರವಿದೆ. ಎರಡನೆಯ ತರಗತಿಯ ಮಗುವಿಗೆ ಅದು ಭುಜದ ಮಟ್ಟ. ಮಗು ತುದಿಗಾಲಲ್ಲಿ ನಿಂತು, ಬೀಳದಂತೆ ಎಡ ಅಂಗೈಯನ್ನು ಗಾಜಿನ ಅಂಚಿಗೆ ಊರಿ, ಬಲಗೈಯ ಬೆರಳಿಂದ ಚಿತ್ರ ಮುಟ್ಟುತ್ತದೆ. ಊರಿದ ಅಂಗೈ ಸ್ವಲ್ಪ ಜಾರಿದರೂ ಮೇಜು ಅದನ್ನೂ ಬೆರಳೆಂದೇ ತಿಳಿದು ಚಿತ್ರವನ್ನು ತಿರುವಿಬಿಡುತ್ತದೆ. ಒಂದು ಹುಡುಗಿ ಅದೇ ಚಿತ್ರಕ್ಕೆ ಮೂರು ಸಲ ಹಿಂದಿರುಗಿ, ಮೂರು ಸಲವೂ ಅದು ತಪ್ಪಿಹೋಗಿ, ಅಮ್ಮನ ಕೈ ಎಳೆದುಕೊಂಡು ಹೊರಟಳಂತೆ. ಆ ನಾಲ್ಕು ಸೆಕೆಂಡಿನಲ್ಲಿ ಇಂಥವು ಎಷ್ಟಿದ್ದವೋ!

ಆ ಸಂಜೆಯೇ ಅವರು ಪ್ರಮೋದ್‌ಗೆ ಫೋನ್ ಮಾಡಿದರು. ತಿಂಗಳುಗಳ ಮೇಲೆ ಅವರಿಬ್ಬರು ಆಡಿದ ಮೊದಲ ನೆಟ್ಟಗಿನ ಮಾತು ಮಕ್ಕಳ ಅಂಗೈ ಬಗ್ಗೆ.

ಸುಮಿತ್ರಾ ಒಪ್ಪಿದ ಮೇಲೆ ಒಂದು ದಿನ ಪ್ರಮೋದ್‌ನನ್ನೂ ಜೊತೆಗೆ ಕೂರಿಸಿಕೊಂಡೆ. ಅವನು ತಲೆ ತಗ್ಗಿಸಿ ಹೇಳಿದ: "ಅಕ್ಕ, ನಿಮ್ಮ ಚಿತ್ರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೆಲಸ ಮೇಜು ಕೆಟ್ಟ ದಿನ ಮಾತ್ರ ಕಾಣಿಸುತ್ತದೆ. ಆ ಲೆಕ್ಕವೊಂದೇ ನಾನು ಮುಂದಿಡಬಹುದಾಗಿದ್ದದ್ದು." ಇಬ್ಬರಿಗೂ ನಾನು ಹೇಳಿದ್ದು ಒಂದೇ. ಯಾವುದನ್ನಾದರೂ ತೆಗೆಯುವ ಮೊದಲು ಮಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರ ಪಾಲು ಏನು, ಹೆಸರು ಎಲ್ಲಿ ಎಂಬುದನ್ನು ಕೆಲಸ ಒಪ್ಪಿಕೊಳ್ಳುವ ದಿನವೇ ಬರೆದಿಡಿ. ಮುಗಿದ ಮೇಲೆ ಕೇಳಿದರೆ ಅದು ಬೇಡಿದಂತಾಗುತ್ತದೆ.

ಪ್ರಮೋದ್ ಅಂಚಿನ ಎರಡು ಇಂಚಿನಲ್ಲಿ ಸ್ಪರ್ಶ ಲೆಕ್ಕಕ್ಕೆ ಬಾರದಂತೆ ಮಾಡಿದ. ಮರಗೆಲಸದವರು ಮೇಜಿನ ಸುತ್ತ ಮೆಟ್ಟಿಲು ಕಟ್ಟಿದರು. 22 ಇದ್ದ ಚಿತ್ರಗಳು ಮತ್ತೆ 41 ಆದವು. ಉಳಿದವನ್ನು ಸುಮಿತ್ರಾ ತಾವೇ ಬೇಡವೆಂದರು, ಒರಳನ್ನು ಮಾತ್ರ ಬಿಡಲಿಲ್ಲ. ಯಜಮಾನರು ಈಗಲೂ "ಒಂದೇ ಮನೆ" ಎನ್ನುತ್ತಾರೆ. ಏಳು ಹೆಸರುಗಳ ಫಲಕಕ್ಕೆ ಒಪ್ಪಿಗೆ ಕೇಳಿ ಪತ್ರ ಹೋಗಿದೆ, ಉತ್ತರ ಬಂದಿಲ್ಲ. ವಾರದಲ್ಲಿ ಒಂದೆರಡು ರಾತ್ರಿ ಸುಮಿತ್ರಾ ಅವರಿಗೆ ಇನ್ನೂ ನಿದ್ದೆ ಬರುವುದಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದಾರೆ.