ಜಿಲ್ಲಾಧಿಕಾರಿ ಮತ್ತು ನ್ಯಾಯಾಲಯದ ಮ್ಯಾಜಿಸ್ಟ್ರೇಟ್: ಯಾರು ಯಾರ ಅಧೀನ?

ಕೇರಳದ ಕಾಸರಗೋಡಿನಲ್ಲಿ ಕಲೆಕ್ಟರೇಟೂ ಜಿಲ್ಲಾ ನ್ಯಾಯಾಲಯವೂ ವಿದ್ಯಾನಗರದಲ್ಲೇ ಇರುವುದರಿಂದ, ಜಿಲ್ಲಾ ಮ್ಯಾಜಿಸ್ಟ್ರೇಟ್ ಎನಿಸಿಕೊಳ್ಳುವ ಜಿಲ್ಲಾಧಿಕಾರಿಯೇ ನ್ಯಾಯಾಲಯದ ಮ್ಯಾಜಿಸ್ಟ್ರೇಟರಿಗೂ ಮೇಲಧಿಕಾರಿಯೇ ಎಂದು ನೀವು ಕೇಳಿದ್ದು ಸಹಜ. ಖಂಡಿತ ಅಲ್ಲ. ಜಿಲ್ಲಾಧಿಕಾರಿ ಸರ್ಕಾರದ ಕಾರ್ಯಾಂಗಕ್ಕೆ ಸೇರಿದವರು. ನಿಷೇಧಾಜ್ಞೆ ಹೊರಡಿಸುವಂತಹ ಶಾಂತಿಪಾಲನೆಯ ಅಧಿಕಾರ ಅವರದು. ಆರೋಪಿಯ ವಿಚಾರಣೆ ನಡೆಸಿ 3 ವರ್ಷದವರೆಗೆ ಸೆರೆವಾಸ ವಿಧಿಸಬಲ್ಲ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರಿಗೆ ಅಧೀನರು, ಮತ್ತು ಸಂವಿಧಾನದ 235ನೇ ವಿಧಿಯಂತೆ ಅವರೆಲ್ಲರ ಮೇಲಿನ ನಿಯಂತ್ರಣ ಹೈಕೋರ್ಟಿನದು.

ಕನ್ನಡಿಗರಿಗೆ ಇದಕ್ಕಿಂತ ಮುಖ್ಯವಾದದ್ದು, ನನ್ನ ಮಟ್ಟಿಗೆ, ಸಾಕ್ಷಿಕಟ್ಟೆಯ ವಿಷಯ. ಮಂಜೇಶ್ವರದ ಕಡೆಯ ಸಾಕ್ಷಿಯೊಬ್ಬರು ಕ್ರಿಮಿನಲ್ ಪ್ರಕರಣದಲ್ಲಿ ಕನ್ನಡದಲ್ಲಿ ಹೇಳಿಕೆ ಕೊಟ್ಟರೆ, ಸಾಧ್ಯವಿದ್ದಲ್ಲಿ ಅದನ್ನು ಕನ್ನಡದಲ್ಲೇ ಬರೆದುಕೊಳ್ಳಬಹುದು. ಇಲ್ಲವಾದರೆ ನ್ಯಾಯಾಲಯದ ಭಾಷೆಗೆ ನಿಜವಾದ ಅನುವಾದ ಸಿದ್ಧಪಡಿಸಿ, ಅದಕ್ಕೆ ನ್ಯಾಯಾಧೀಶರೇ ಸಹಿ ಹಾಕಬೇಕು. ದಾಖಲೆಯ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ, ಬರೆದದ್ದನ್ನು ಕನ್ನಡದಲ್ಲಿ ವಿವರಿಸಿ ಹೇಳಬೇಕು. 2024ರ ಜುಲೈ 1ರಂದು ಜಾರಿಗೆ ಬಂದ, ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಹಳೆಯ ನಿಯಮವನ್ನು ಉಳಿಸಿಕೊಂಡಿದೆ. ಅರ್ಥವಾಗದ್ದಕ್ಕೆ ಸುಮ್ಮನೆ ತಲೆಯಾಡಿಸಬೇಡಿ. ವಿವರಿಸಿರೆಂದು ಪೀಠವನ್ನೇ ಕೇಳಿ.