ಗುಂಡ ಕೊಳಕ್ಕೆ ಹೋಗಲಿ, ಮಗಳಿಗೆ ಹೇಳಿಯೇ ಹೋಗಲಿ

ಪ್ರಶ್ನೆ: ಮಗಳು ಓದಲು ಹಾಸ್ಟೆಲ್ ಸೇರಿ ಎಂಟು ತಿಂಗಳಾಯಿತು. ಹೋಗುವಾಗ ತನ್ನ ಆಸ್ಕರ್ ಮೀನನ್ನು ನನಗೆ ಒಪ್ಪಿಸಿ, "ಅಮ್ಮ, ಗುಂಡನ್ನ ನೀನೇ ನೋಡ್ಕೋಬೇಕು" ಅಂದಳು. ಆಗ ಅಂಗೈಯಷ್ಟಿದ್ದ ಮೀನು ಈಗ 26 ಸೆಂ.ಮೀ. ಆಗಿದೆ. ಮೂರಡಿ ತೊಟ್ಟಿಯಲ್ಲಿ ತಿರುಗುವಾಗ ಬಾಲ ಗಾಜಿಗೆ ಸವರುತ್ತದೆ. ಹಿತ್ತಲಲ್ಲಿ 8 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳವಿದೆ. ಗಪ್ಪಿ ಎಂಬ ಪುಟ್ಟ ಮೀನುಗಳೂ ಒಂದಿಷ್ಟು ನೈದಿಲೆ ಗಿಡಗಳೂ ಇವೆ. ಬೇಸಿಗೆಯ ಎರಡು ತಿಂಗಳು ಗುಂಡನನ್ನು ಅಲ್ಲಿಗೆ ಬಿಡೋಣ ಎನ್ನುತ್ತಾರೆ ನಮ್ಮವರು. "ಅವಳಿಗೆ ಹೇಳಬೇಡ, ಸುಮ್ನೆ ರಂಪ ಮಾಡ್ತಾಳೆ" ಅಂತಲೂ ಹೇಳಿದ್ದಾರೆ. ರಾತ್ರಿ ಟಿವಿ ಆರಿಸಿ ಆ ತೊಟ್ಟಿಯ ಮುಂದೆ ಕೂತು ಗುಂಡನ ಹತ್ತಿರ ಮಾತಾಡುವುದು ನನಗೆ ಅಭ್ಯಾಸವಾಗಿದೆ. ಬಿಟ್ಟರೆ ಭಯ, ಬಿಡದಿದ್ದರೆ ನೋಡಲಾಗುವುದಿಲ್ಲ. ಏನು ಮಾಡಲಿ?

ಉತ್ತರ: ಮೀನಿನ ವಿಷಯದಲ್ಲಿ ನಿಮ್ಮ ಯಜಮಾನರು ಹೇಳಿದ್ದು ಸರಿ. ಮಗಳ ವಿಷಯದಲ್ಲಿ ಪೂರ್ತಿ ತಪ್ಪು. ಒಂದೊಂದಾಗಿ ನೋಡೋಣ.

ಆಸ್ಕರ್ ಅಮೆಜಾನ್ ಸೀಮೆಯ, ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ ಮೀನು. 30 ಸೆಂ.ಮೀ. ಮುಟ್ಟುವುದು ಅದಕ್ಕೆ ದೊಡ್ಡ ವಿಷಯವಲ್ಲ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಬೆಂಕಿಪೊಟ್ಟಣದಷ್ಟಿರುವಾಗ ಮನೆಗೆ ತರುವವರಿಗೆ ಇದು ಗೊತ್ತಿರುವುದಿಲ್ಲ. ನಿಮ್ಮ ಮೂರಡಿ ತೊಟ್ಟಿಯಲ್ಲಿ ಹೆಚ್ಚೆಂದರೆ 180 ಲೀಟರ್ ನೀರು ಹಿಡಿಯಬಹುದು. ಕೊಳದಲ್ಲಿ ನೀವು ಕೊಟ್ಟ ಅಳತೆಗೆ ಸುಮಾರು 3,400 ಲೀಟರ್. ಆಸ್ಕರ್ ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಆ ಗಲೀಜಿನಿಂದ ಹುಟ್ಟುವ ಅಮೋನಿಯಾ ಸಣ್ಣ ತೊಟ್ಟಿಯಲ್ಲಿ ಬೇಗ ವಿಷವಾಗುತ್ತದೆ. ಅಷ್ಟು ದೊಡ್ಡ ನೀರಿನಲ್ಲಿ ಅವನಿಗೆ ಉಸಿರಾಡಲು ಜಾಗ ಸಿಗುತ್ತದೆ. ಅವನು ಎಂದೆ, ಆದರೆ ಆಸ್ಕರ್‌ನಲ್ಲಿ ಗಂಡು ಹೆಣ್ಣು ನೋಡಿ ಹೇಳುವುದು ಕಷ್ಟ. ಗುಂಡ ಗುಂಡಮ್ಮನೂ ಆಗಿರಬಹುದು.

ನಿಮ್ಮ ಭಯವೂ ಸುಳ್ಳಲ್ಲ. ಅದಕ್ಕೆ ಮೊದಲು ಒಂದು ಥರ್ಮಾಮೀಟರ್ ತನ್ನಿ. ಒಂದು ವಾರ ಸೂರ್ಯ ಹುಟ್ಟುವ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಕೊಳದ ನೀರು ನೋಡಿ ಬರೆದಿಡಿ. 24ರಿಂದ 28 ಡಿಗ್ರಿ ಆಸ್ಕರ್‌ಗೆ ಹಿತ. ಬೆಳಗಿನ ಜಾವ 22ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಇನ್ನೂ ಕಾಯಿರಿ. ನೀರು 13ರ ಹತ್ತಿರ ಹೋದರಂತೂ ಜೀವಕ್ಕೇ ಸಂಚಕಾರ. ಮಧ್ಯಾಹ್ನ 32 ದಾಟುತ್ತಿದ್ದರೆ ಕೊಳದ ಅರ್ಧಕ್ಕೆ ನೆರಳು ಮಾಡಿಸಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ, ಗಿಡಗಳೇ ರಾತ್ರಿ ಅದನ್ನು ಬಳಸುತ್ತವೆ. ಹಾಗಾಗಿ ನೀರು ಹಸಿರುಗಟ್ಟಿದ ಕೊಳದಲ್ಲಿ ಬೆಳಗಿನ ಜಾವವೇ ಮೀನಿಗೆ ಕಷ್ಟದ ಹೊತ್ತು. ಮೀನು ಮೇಲೆ ಬಂದು ಬಾಯಿ ಪಚಪಚ ಅನ್ನಿಸುತ್ತಿದ್ದರೆ ಹಸಿವು ಅಂದುಕೊಳ್ಳಬೇಡಿ, ಉಸಿರು ಸಾಲುತ್ತಿಲ್ಲ ಅಂತ. ರಾತ್ರಿಯಿಡೀ ಏರ್ ಪಂಪ್ ಓಡಲಿ.

ಇನ್ನು ಕೊಳದ ಮೇಲೆ ಬಲೆ ಕಟ್ಟಬೇಕು, ಆ ವಿಷಯದಲ್ಲಿ ನನಗೆ ಪಾಠವಾಗಿದೆ. ಒಂದು ಜೋಡಿ ಸಿಕ್ಲಿಡ್‌ಗಳನ್ನು ಹೊರಗಿನ ತೊಟ್ಟಿಗೆ ಬಿಟ್ಟಿದ್ದೆ. ಬಲೆ ನಾಳೆ ಕಟ್ಟಿದರಾಯ್ತು ಅಂತ ಮಲಗಿದೆ. ಬೆಳಿಗ್ಗೆ ಎದ್ದು ಹೋದರೆ ತೊಟ್ಟಿಯ ಅಂಚಿನ ಮೇಲೆ ಮಿಂಚುಳ್ಳಿ ಕೂತಿತ್ತು, ನೀರಲ್ಲಿ ಒಂದೇ ಮೀನಿತ್ತು. ಗುಂಡ ಮಿಂಚುಳ್ಳಿಯ ಬಾಯಿಗೆ ದೊಡ್ಡವನು ನಿಜ, ಆದರೆ ಬಕ ಬಂದರೆ ಬಿಡುವುದಿಲ್ಲ. ಬೆಕ್ಕೂ ಇದೆ. ಅದೂ ಅಲ್ಲದೆ ಹೊಸ ಜಾಗದಲ್ಲಿ ಬೆದರಿದ ಆಸ್ಕರ್ ಹಾರುತ್ತದೆ. ಬಲೆ ಕಟ್ಟಿದ ಮೇಲೆಯೇ ಮೀನು ಬಿಡಿ. ಗಪ್ಪಿಗಳನ್ನು ಮೊದಲೇ ಬೇರೆ ಕಡೆಗೆ ಸಾಗಿಸಿ, ಇಲ್ಲದಿದ್ದರೆ ಅವು ಗುಂಡನ ಊಟ. ನೈದಿಲೆಯ ಆಸೆಯನ್ನೂ ಸ್ವಲ್ಪ ಬಿಡಿ. ಅಗೆಯುವುದು, ಗಿಡ ಕೀಳುವುದು ಆಸ್ಕರ್‌ಗೆ ಆಟ.

ಬಿಡುವುದು ಸಂಜೆ, ಬಿಸಿಲು ಇಳಿದ ಮೇಲೆ. ತೊಟ್ಟಿಯ ನೀರಿನಲ್ಲೇ ಅವನನ್ನು ಮುಚ್ಚಳವಿರುವ ದೊಡ್ಡ ಬಕೆಟ್‌ಗೆ ಹಾಕಿ, ಬಕೆಟ್ಟನ್ನು ಕೊಳದಲ್ಲಿ ಇಳಿಸಿ. ಐದೈದು ನಿಮಿಷಕ್ಕೆ ಒಂದು ಚೊಂಬು ಕೊಳದ ನೀರು ಸೇರಿಸುತ್ತಾ ಮುಕ್ಕಾಲು ಗಂಟೆ ತೆಗೆದುಕೊಳ್ಳಿ. ಇಲ್ಲಿ ಅವಸರ ಮಾಡಬೇಡಿ. ತೊಟ್ಟಿಯ ಫಿಲ್ಟರ್‌ನ ಸ್ಪಂಜನ್ನು ಕೊಳದ ಪಂಪಿಗೆ ಹಾಕಿಡಿ. ಖಾಲಿ ತೊಟ್ಟಿಯಲ್ಲಿ ಬಿಟ್ಟರೆ, ಆ ಸ್ಪಂಜಿನಲ್ಲಿ ಅಮೋನಿಯಾ ತಿಂದು ಬದುಕುವ ಬ್ಯಾಕ್ಟೀರಿಯಾಗಳು ತಿನ್ನಲು ಇಲ್ಲದೆ ಸಾಯುತ್ತವೆ. ವಾಪಸ್ ತರುವಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇನ್ನು ಮಗಳ ವಿಷಯ. ನಿಮ್ಮವರು ಒಂದು ಲೆಕ್ಕ ತಪ್ಪಿದ್ದಾರೆ. ಅವಳು ವಿಡಿಯೋ ಕಾಲ್ ಮಾಡಿ "ಗುಂಡನ್ನ ತೋರಿಸು" ಅಂದರೆ ಏನು ತೋರಿಸುತ್ತೀರಿ? ಒಂದು ಸಲ ನೆಟ್‌ವರ್ಕ್ ಇಲ್ಲ ಅನ್ನಬಹುದು. ಎರಡನೇ ಸಲ ಅವಳಿಗೆ ಅನುಮಾನ ಬರುತ್ತದೆ. ಮೀನು ಚೆನ್ನಾಗಿಯೇ ಇದ್ದರೂ ಅಮ್ಮ ಮುಚ್ಚಿಟ್ಟಳು ಅನ್ನುವುದು ಉಳಿಯುತ್ತದೆ. ಅಕಸ್ಮಾತ್ ಮೀನಿಗೆ ಏನಾದರೂ ಆದರಂತೂ ಆ ಮೇಲೆ ನೀವು ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಮೀನು ಅವಳದು, ನೋಡಿಕೊಳ್ಳುವ ಮಾತು ಕೊಟ್ಟವರು ನೀವು. ಹೇಳದೆ ಜಾಗ ಬದಲಿಸುವ ಹಕ್ಕು ನಿಮಗೂ ಇಲ್ಲ, ಅವಳ ಅಪ್ಪನಿಗೂ ಇಲ್ಲ.

ಹಾಗಂತ ಹೆದರುತ್ತಾ ಅಪ್ಪಣೆ ಕೇಳಬೇಡಿ. "ನೋಡು ಮಗಾ, ಗುಂಡನಿಗೆ ತೊಟ್ಟಿ ಸಾಲ್ತಿಲ್ಲ, ತಿರುಗೋಕೆ ಆಗ್ತಿಲ್ಲ. ಅಪ್ಪ ಕೊಳಕ್ಕೆ ಬಿಡೋಣ ಅಂತಾರೆ. ನೀನೇನಂತೀಯ?" ಅಷ್ಟೇ ಸಾಕು. ಅವನು ತಿರುಗುವಾಗಿನ ಒಂದು ವಿಡಿಯೋ ಮೊದಲು ಕಳಿಸಿ. ನಾನು ಹೇಳಿದ ಉಷ್ಣತೆಯ ಪಟ್ಟಿಯನ್ನೂ ಕಳಿಸಿ. ಅಳಬಹುದು, ಬೈಯಬಹುದು. ಮಾರನೇ ದಿನ ಬಲೆಯ ಕಣ್ಣು ಎಷ್ಟು ಸಣ್ಣದು ಅಂತ ಅವಳೇ ವಿಚಾರಿಸಿದರೆ ನನಗೇನೂ ಆಶ್ಚರ್ಯವಿಲ್ಲ. ಬೇಡ ಅಂದುಬಿಟ್ಟರೆ ಬೇಡ. ಆದರೆ ಆ ಮೂರಡಿ ತೊಟ್ಟಿಯೇ ಸಾಕು ಅನ್ನುವ ಆಯ್ಕೆ ಮಾತ್ರ ಇಲ್ಲ ಅಂತ ಅವಳಿಗೂ ಖಡಾಖಂಡಿತ ಹೇಳಿ.

ನಿಮ್ಮ ಮನೆಯಲ್ಲಿ ಯಾರೂ ಯೋಚಿಸದ ಒಂದು ಪ್ರಶ್ನೆ ಇಲ್ಲೇ ಇದೆ. ಎರಡು ತಿಂಗಳಾದ ಮೇಲೆ ಗುಂಡ ಎಲ್ಲಿಗೆ ಬರುತ್ತಾನೆ? ಕೊಳದಲ್ಲಿ ಹುಳ ಹುಪ್ಪಟೆ ತಿಂದು, ಈಜಾಡಿ, ಇನ್ನಷ್ಟು ಬೆಳೆದು ಬರುತ್ತಾನೆ. ಅದೇ ತೊಟ್ಟಿಗೆ ಹಾಕಿದರೆ ಇಷ್ಟೆಲ್ಲಾ ಮಾಡಿದ್ದು ದಂಡ. ಈ ಎರಡು ತಿಂಗಳಲ್ಲಿ 300 ಲೀಟರ್ ದಾಟುವ ತೊಟ್ಟಿಗೆ ಏರ್ಪಾಡು ಆಗಬೇಕು. ಇದನ್ನು ನಿಮ್ಮ ಯಜಮಾನರ ತಲೆಗೆ ಕಟ್ಟಿ, ಕೊಳದ ಐಡಿಯಾ ಅವರದೇ ಅಲ್ವಾ? ಅದು ಆಗದಿದ್ದರೆ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಹೊಳೆಗೋ ಕೆರೆಗೋ ಬಿಡುವ ಮಾತು ಮಾತ್ರ ಬೇಡ. ಅಮೆರಿಕದ ಫ್ಲಾರಿಡಾದ ಕಾಲುವೆಗಳಲ್ಲಿ ಇವತ್ತು ಆಸ್ಕರ್‌ಗಳು ಬೇರುಬಿಟ್ಟಿವೆ, ಅವು ಅಲ್ಲಿಯ ಮೀನುಗಳಲ್ಲ. ಇದೇ ಕಾರಣಕ್ಕೆ, ಜೋರು ಮಳೆ ಬಂದು ಕೊಳ ತುಂಬಿ ಹರಿಯುವ ಸೂಚನೆ ಇದ್ದರೆ ಅವನನ್ನು ಮೊದಲೇ ಒಳಗೆ ತನ್ನಿ.

ನಿಮಗೂ ಒಂದು ಮಾತು. ಕೊಳದಲ್ಲಿ ಗುಂಡ ಮೊದಮೊದಲು ನಿಮ್ಮನ್ನು ಕಂಡರೆ ಓಡುತ್ತಾನೆ. ತೊಟ್ಟಿಯಲ್ಲಿ ನೀವು ಎದುರಿಗೆ ಕಾಣುತ್ತಿದ್ದಿರಿ, ಈಗ ಮೇಲಿನಿಂದ ಬೀಳುವ ನೆರಳು. ಮೇಲಿನ ನೆರಳು ಅಂದರೆ ಮೀನಿಗೆ ಹಕ್ಕಿ. ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಕೂತು ಊಟ ಹಾಕಿ. ನಿಧಾನಕ್ಕೆ ಬರುತ್ತಾನೆ. ವಾಪಸ್ ಹಿಡಿಯುವಾಗಲೂ ಆ ಮೂಲೆಯೇ ಉಪಯೋಗಕ್ಕೆ ಬರುತ್ತದೆ, ಕೊಳವೆಲ್ಲಾ ಬಲೆ ಎಳೆದು ಅವನ ಹುರುಪೆ ಕೀಳಬೇಕಾಗಿಲ್ಲ. ಅಲ್ಲಿಯವರೆಗೆ ರಾತ್ರಿ ಮನೆ ಬಿಕೋ ಅನ್ನುತ್ತದೆ. ಅದನ್ನು ನಿಮ್ಮವರಿಗೂ ಹೇಳಿ, ಟಾರ್ಚ್ ಹಿಡಿದು ಅವರೂ ಕೊಳದ ಹತ್ತಿರ ಬರಲಿ.

ಒಳಗೆ ತಂದ ದಿನ ಗುಂಡ ಒಂದು ಪಕ್ಕಕ್ಕೆ ವಾಲಿ ತಳದಲ್ಲಿ ಬಿದ್ದುಕೊಂಡರೆ, ಎರಡು ದಿನ ಊಟ ಮುಟ್ಟದಿದ್ದರೆ ಗಾಬರಿಯಾಗಬೇಡಿ. ಜಾಗ ಬದಲಾದರೆ ಆಸ್ಕರ್‌ಗಳು ಹೀಗೆ ಮುನಿಸಿಕೊಳ್ಳುತ್ತವೆ. ಮಗಳಿಗೂ ಇದನ್ನು ಮೊದಲೇ ಹೇಳಿಡಿ, ವಿಡಿಯೋ ಕಾಲ್‌ನಲ್ಲಿ ನೋಡಿ ಸತ್ತೇಹೋಯ್ತು ಅಂದುಕೊಂಡಾಳು.